ಬ್ಯಾಕಪ್ ಕ್ಯಾಟಲಾಗ್‌ಗೆ ಎಸ್‌ಕ್ಯೂಲೈಟ್ ಜೊತೆ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಸೇರಿಸಿದ ಕೆಲಸದ ದಾಖಲೆ

ನಾನು ನೋಡಿಕೊಳ್ಳುವ ಓಪನ್ ಸೋರ್ಸ್ ಬ್ಯಾಕಪ್ ಟೂಲ್ ಇಷ್ಟು ಕಾಲ ಎಸ್‌ಕ್ಯೂಲೈಟ್ (ಸರ್ವರ್ ಬೇಡದ, ಒಂದು ಫೈಲ್‌ನಲ್ಲೇ ಇರುವ ಡೇಟಾಬೇಸ್) ಒಂದರ ಮೇಲೇ ನಡೆಯುತ್ತಿತ್ತು. ಈಗ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸರ್ವರ್ ಮೇಲೂ ಓಡುತ್ತದೆ. ಮೈಎಸ್‌ಕ್ಯೂಎಲ್ ಮತ್ತು ಅದರಿಂದ ಕವಲೊಡೆದ ಮರಿಯಾಡಿಬಿ ಮೇಲೂ ಓಡುತ್ತದೆ, ಆದರೆ ಅವನ್ನು ಇನ್ನೂ ಪ್ರಯೋಗದ ಹಂತ ಅಂತಲೇ ಗುರುತು ಹಾಕಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾಗಲಿ ಅಂತ, ಮಾಡಿದ ಕ್ರಮದಲ್ಲೇ, ಕೆಟ್ಟುಹೋದ ಜಾಗಗಳನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಕ್ಯಾಟಲಾಗ್ ಅಂದರೆ ಬ್ಯಾಕಪ್ ಆದ ಡೇಟಾ ಅಲ್ಲ. ಯಾವ ಜಾಬ್ (ಒಂದು ಸಲದ ಬ್ಯಾಕಪ್ ಓಟ) ಯಾವಾಗ ಓಡಿತು, ಯಾವ ಫೈಲ್ ಯಾವ ವಾಲ್ಯೂಮ್‌ನಲ್ಲಿ (ಬ್ಯಾಕಪ್ ಡೇಟಾ ಕೂರುವ ಜಾಗ) ಎಷ್ಟನೇ ಬೈಟ್‌ನಿಂದ ಶುರುವಾಗುತ್ತದೆ, ಅದರ ಚೆಕ್‌ಸಮ್ ಏನು, ಇಷ್ಟನ್ನು ಇಟ್ಟುಕೊಳ್ಳುವ ಡೇಟಾಬೇಸ್. ಜಾಬ್, ಪಾತ್ (ಫೋಲ್ಡರ್‌ನ ಪೂರ್ತಿ ವಿಳಾಸ), ಫೈಲ್, ವಾಲ್ಯೂಮ್ ಅಂತ ನಾಲ್ಕು ಮುಖ್ಯ ಟೇಬಲ್‌ಗಳು. ಒಂದು ಜಾಬ್ ನೋಡಿದ ಪ್ರತಿ ಫೈಲ್‌ಗೂ ಫೈಲ್ ಟೇಬಲ್‌ನಲ್ಲಿ ಒಂದು ಸಾಲು ಬರುತ್ತದೆ. ಹಾಗಾಗಿ ಉಳಿದವು ಸಣ್ಣಗಿದ್ದರೂ ಅದೊಂದು ಮಾತ್ರ ಕೋಟಿಗಟ್ಟಲೆ ಸಾಲು ಬೆಳೆಯುತ್ತದೆ. ಕ್ಯಾಟಲಾಗ್ ಕೈಕೊಟ್ಟರೆ ವಾಲ್ಯೂಮ್‌ಗಳನ್ನು ಮೊದಲಿನಿಂದ ಕೊನೆವರೆಗೆ ಓದಿ ಎಲ್ಲವನ್ನೂ ಮತ್ತೆ ಕಟ್ಟಬೇಕು.

ಎಸ್‌ಕ್ಯೂಲೈಟ್ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆದರೆ ಅಲ್ಲಿ ಒಂದು ಸಲಕ್ಕೆ ಒಬ್ಬರೇ ಬರೆಯಬಹುದು. ವಾಲ್ ಮೋಡ್ (ಬದಲಾವಣೆಗಳನ್ನು ಮೊದಲು ಬೇರೊಂದು ಲಾಗ್ ಫೈಲ್‌ಗೆ ಬರೆಯುವ ರೀತಿ) ಹಾಕಿದರೆ ಓದುವವರಿಗೆ ತಡೆ ಇಲ್ಲ, ಬರೆಯುವವರು ಮಾತ್ರ ಆಗಲೂ ಸಾಲಲ್ಲಿ ನಿಲ್ಲಬೇಕು. ಹತ್ತಾರು ಮೆಷಿನ್‌ಗಳ ಜಾಬ್‌ಗಳನ್ನು ರಾತ್ರಿ ಒಂದೇ ಹೊತ್ತಿಗೆ ಓಡಿಸುವವರಿಗೆ 'ಡೇಟಾಬೇಸ್ ಈಸ್ ಲಾಕ್ಡ್' ಅನ್ನುವ ಎರರ್ ಬರುತ್ತಲೇ ಇತ್ತು.

ಹಂತ 1: ಸಿದ್ಧತೆ

ಟೂಲ್ ಪೈಥಾನ್‌ನಲ್ಲಿದೆ. ಪರೀಕ್ಷೆಗೆ ಎಸ್‌ಕ್ಯೂಲೈಟ್ 3.40, ಪೋಸ್ಟ್‌ಗ್ರೆಸ್ 15, ಮೈಎಸ್‌ಕ್ಯೂಎಲ್ 8.0, ಮರಿಯಾಡಿಬಿ 10.11. ಮೂರು ಸರ್ವರ್‌ಗಳೂ ಕಂಟೇನರ್‌ನಲ್ಲಿ. ಡ್ರೈವರ್‌ಗಳು ಪೈಥಾನ್ ಜೊತೆಗೇ ಬರುವ ಎಸ್‌ಕ್ಯೂಲೈಟ್3, ಸೈಕೋಪಿಜಿ 3, ಪೈಮೈಎಸ್‌ಕ್ಯೂಎಲ್. 10 ಲಕ್ಷ ಫೈಲ್ ಇರುವಂತೆ ನಟಿಸುವ ಒಂದು ಸ್ಕ್ರಿಪ್ಟ್ ಬರೆದೆ. ಡಿಸ್ಕ್‌ನಲ್ಲಿ ನಿಜವಾದ ಫೈಲ್‌ಗಳು ಬೇಕಿಲ್ಲ, ಹೆಸರು, ಗಾತ್ರ, ಸಮಯ ಇದ್ದರೆ ಸಾಕು.

ಓಆರ್‌ಎಂ (ಎಸ್‌ಕ್ಯೂಎಲ್ ಅನ್ನು ನಮ್ಮ ಪರವಾಗಿ ತಾನೇ ಬರೆಯುವ ಲೈಬ್ರರಿ) ಯಾಕೆ ಬಳಸಲಿಲ್ಲ ಅಂತ ಕೆಲವರು ಕೇಳಿದ್ದಾರೆ. ನಮ್ಮಲ್ಲಿರುವುದು 60ರ ಆಸುಪಾಸು ಕ್ವೆರಿಗಳು. ಅದರಲ್ಲಿ ಕಷ್ಟದವು ಏಳೆಂಟು ಮಾತ್ರ, ಆ ಏಳೆಂಟನ್ನು ಓಆರ್‌ಎಂ ಇದ್ದರೂ ಡೇಟಾಬೇಸ್‌ಗೆ ತಕ್ಕಂತೆ ಕೈಯಲ್ಲೇ ಬರೆಯಬೇಕಾಗುತ್ತಿತ್ತು. ಉಳಿದವು ನಾಲ್ಕೂ ಕಡೆ ಒಂದೇ ರೀತಿ ಓಡುತ್ತವೆ, ಪ್ಯಾರಾಮೀಟರ್ ಗುರುತು ಒಂದು ಬಿಟ್ಟು. ಎಸ್‌ಕ್ಯೂಲೈಟ್‌ಗೆ ಪ್ರಶ್ನೆ ಚಿಹ್ನೆ, ಉಳಿದೆರಡು ಡ್ರೈವರ್‌ಗೆ ಶೇಕಡಾ ಚಿಹ್ನೆ. ಅದಕ್ಕೆ ಲೋಡ್ ಆಗುವಾಗಲೇ ಬದಲಿಸುವ ಚಿಕ್ಕ ಫಂಕ್ಷನ್ ಸಾಕಾಯಿತು.

ಹಂತ 2: ಕ್ವೆರಿಗಳನ್ನು ಒಂದೆಡೆ ತಂದದ್ದು

ಕೋಡ್ ತುಂಬಾ ಚೆಲ್ಲಾಪಿಲ್ಲಿಯಾಗಿದ್ದ ಎಸ್‌ಕ್ಯೂಎಲ್ ಸಾಲುಗಳನ್ನು ಒಂದು ಫೋಲ್ಡರ್‌ಗೆ ಎತ್ತಿದೆ, ಪ್ರತಿ ಕ್ವೆರಿಗೂ ಒಂದು ಹೆಸರು. ಹೆಸರಿನ ಕೆಳಗೆ ಸಾಮಾನ್ಯ ರೂಪ ಒಂದಿರುತ್ತದೆ, ಯಾವುದಾದರೂ ಡೇಟಾಬೇಸ್‌ಗೆ ಬೇರೆ ರೂಪ ಬೇಕಿದ್ದರೆ ಅದರ ಫೈಲ್ ಪಕ್ಕದಲ್ಲೇ ಇರುತ್ತದೆ. ಬೇಸರದ ಕೆಲಸ. ಹೊಸ ಫೀಚರ್ ಒಂದೂ ಸೇರಿಸದೆ, ಎಸ್‌ಕ್ಯೂಲೈಟ್ ಮೇಲೆ ಹಳೆಯ ಟೆಸ್ಟ್‌ಗಳೆಲ್ಲ ಪಾಸ್ ಆಗುವವರೆಗೂ ಮುಂದೆ ಹೋಗಲಿಲ್ಲ.

ಹಂತ 3: ಫೈಲ್ ಹೆಸರು ಅಂದರೆ ಬೈಟ್‌ಗಳು

ಜಾಸ್ತಿ ಸಮಯ ತಿಂದದ್ದು ಇದು.

ಲಿನಕ್ಸ್‌ನಲ್ಲಿ ಫೈಲ್ ಹೆಸರಿಗೆ ಎನ್‌ಕೋಡಿಂಗ್ ಅಂತ ಇಲ್ಲ. ಸೊನ್ನೆ ಬೈಟ್ ಮತ್ತು ಸ್ಲ್ಯಾಶ್ ಬಿಟ್ಟು ಯಾವ ಬೈಟ್ ಬೇಕಾದರೂ ಬರಬಹುದು. ಹೆಸರು 255 ಬೈಟ್‌ವರೆಗೆ, ಪೂರ್ತಿ ಪಾತ್ 4096 ಬೈಟ್‌ವರೆಗೆ. ನಮ್ಮ ಹಳೆಯ ಕೋಡ್ ಹೆಸರನ್ನು ಯುಟಿಎಫ್-8 ಅಂದುಕೊಂಡು ಓದುತ್ತಿತ್ತು, ಓದಲು ಬಾರದ ಬೈಟ್ ಸಿಕ್ಕಿದರೆ ಬದಲಿ ಅಕ್ಷರ ಹಾಕಿ ಟೆಕ್ಸ್ಟ್ ಕಾಲಂನಲ್ಲಿ ಇಡುತ್ತಿತ್ತು. ಅಂದರೆ ಹಳೆಯ ಎನ್‌ಕೋಡಿಂಗ್‌ನ ಎರಡು ಬೇರೆ ಹೆಸರುಗಳು ಕ್ಯಾಟಲಾಗ್‌ನಲ್ಲಿ ಒಂದೇ ಆಗಿಬಿಡಬಹುದು, ರಿಸ್ಟೋರ್ ಮಾಡಿದಾಗ ಮೂಲ ಹೆಸರು ವಾಪಸ್ ಬರುವುದಿಲ್ಲ. ಪೋಸ್ಟ್‌ಗ್ರೆಸ್ ಕೆಲಸಕ್ಕೆ ಕೈ ಹಾಕದಿದ್ದರೆ ಈ ದೋಷ ಕಣ್ಣಿಗೇ ಬೀಳುತ್ತಿರಲಿಲ್ಲ. ಬದಲಿ ಅಕ್ಷರ ತೆಗೆದು ಬೈಟ್‌ಗಳನ್ನು ಹಾಗೆಯೇ ಟೆಕ್ಸ್ಟ್ ಕಾಲಂಗೆ ಕಳಿಸಿದ ಕೂಡಲೇ ಪೋಸ್ಟ್‌ಗ್ರೆಸ್ 'ಇನ್‌ವ್ಯಾಲಿಡ್ ಬೈಟ್ ಸೀಕ್ವೆನ್ಸ್' ಅಂದು ತಿರಸ್ಕರಿಸಿತು.

ಬ್ಯಾಕುಲಾ ಅನ್ನುವ ಇನ್ನೊಂದು ಓಪನ್ ಸೋರ್ಸ್ ಬ್ಯಾಕಪ್ ಟೂಲ್ ಇದಕ್ಕೆ ಬೇರೆ ದಾರಿ ಹಿಡಿದಿದೆ. ಅದು ಪೋಸ್ಟ್‌ಗ್ರೆಸ್ ಡೇಟಾಬೇಸನ್ನೇ ಎಸ್‌ಕ್ಯೂಎಲ್ ಆಸ್ಕಿ ಎನ್‌ಕೋಡಿಂಗ್‌ನಲ್ಲಿ ಸೃಷ್ಟಿಸುತ್ತದೆ. ಆಗ ಸರ್ವರ್ ಬೈಟ್‌ಗಳನ್ನು ಪರೀಕ್ಷೆ ಮಾಡಲು ಹೋಗುವುದಿಲ್ಲ. ನಾನೂ ಅದನ್ನೇ ಮಾಡಿ ನೋಡಿದೆ, ಕೆಲಸ ಮಾಡುತ್ತದೆ. ಆದರೆ ಬಳಕೆದಾರರ ಕೈಯಲ್ಲಿ ಆಗಲೇ ಇರುವ ಯುಟಿಎಫ್-8 ಡೇಟಾಬೇಸ್‌ನೊಳಗೆ ನಮ್ಮ ಟೇಬಲ್ ಇಡಲು ಆಗುವುದಿಲ್ಲ, ಪ್ರತ್ಯೇಕವಾಗಿ ಒಂದನ್ನು ಸೃಷ್ಟಿಸಲು ಅನುಮತಿ ಬೇಕು. ಹಾಗಾಗಿ ಪಾತ್ ಮತ್ತು ಹೆಸರಿಗೆ ಪೋಸ್ಟ್‌ಗ್ರೆಸ್‌ನಲ್ಲಿ ಬೈಟಿಯಾ, ಎಸ್‌ಕ್ಯೂಲೈಟ್‌ನಲ್ಲಿ ಬ್ಲಾಬ್, ಮೈಎಸ್‌ಕ್ಯೂಎಲ್‌ನಲ್ಲಿ ಪಾತ್‌ಗೆ ಬ್ಲಾಬ್, ಹೆಸರಿಗೆ ವಾರ್‌ಬೈನರಿ 255 ಅಂತ ತೀರ್ಮಾನಿಸಿದೆ. ಇವೆಲ್ಲ ಬೈಟ್‌ಗಳನ್ನು ಹಾಗೆಯೇ ಇಡುವ ಕಾಲಂ ಬಗೆಗಳು. ಇದಕ್ಕೆ ತೆತ್ತ ಬೆಲೆ ಅಂದರೆ ಡೇಟಾಬೇಸ್ ಕನ್ಸೋಲ್‌ನಲ್ಲಿ ನೇರವಾಗಿ ನೋಡಿದರೆ ಹೆಸರು ಓದಲು ಬರುವುದಿಲ್ಲ, ಹೆಕ್ಸ್ ಸಾಲು ಕಾಣುತ್ತದೆ. ಅದಕ್ಕಾಗಿ ಹೆಸರು ತೋರಿಸುವ ಕಮಾಂಡನ್ನು ಟೂಲ್‌ನಲ್ಲೇ ಕೊಟ್ಟೆ.

ಎಸ್‌ಕ್ಯೂಲೈಟ್ ಕಡೆ ಈ ಬದಲಾವಣೆ ಕೆಟ್ಟಿತು. ಅಲ್ಲಿ ಟೆಕ್ಸ್ಟ್ ಮತ್ತು ಬ್ಲಾಬ್ ಒಳಗೆ ಒಂದೇ ಬೈಟ್‌ಗಳಿದ್ದರೂ ಅವೆರಡೂ ಸಮ ಅಲ್ಲ. ಹಳೆಯ ಸಾಲುಗಳು ಟೆಕ್ಸ್ಟ್, ಹೊಸದಾಗಿ ಬಂದವು ಬ್ಲಾಬ್, ಹಾಗಾಗಿ ಪಾತ್ ಹುಡುಕಿದರೆ ಸಿಗುತ್ತಿರಲಿಲ್ಲ ಮತ್ತು ಒಂದೇ ಬೆಲೆ ಎರಡು ಸಲ ಬಾರದಂತೆ ತಡೆಯುವ ಯುನೀಕ್ ಇಂಡೆಕ್ಸ್ ಕೂಡ ಬಾಯಿ ಬಿಡಲಿಲ್ಲ, ಪ್ರತಿ ಫೋಲ್ಡರ್‌ಗೂ ಎರಡೆರಡು ಸಾಲು ಕೂತವು. ಬದಲಾದ ಫೈಲ್‌ಗಳನ್ನು ಮಾತ್ರ ಎತ್ತಬೇಕಾದ ಇನ್‌ಕ್ರಿಮೆಂಟಲ್ ಜಾಬ್ ಎಲ್ಲ ಫೈಲ್‌ಗಳನ್ನೂ ಹೊಸದು ಅಂದುಕೊಂಡು ಪೂರ್ತಿ ಬ್ಯಾಕಪ್ ಮಾಡತೊಡಗಿದಾಗ ಗೊತ್ತಾಯಿತು. ಹಳೆಯ ಸಾಲುಗಳನ್ನು ಕಾಸ್ಟ್ ಮಾಡಿ ಬ್ಲಾಬ್ ಮಾಡುವ ಹೆಜ್ಜೆಯನ್ನು ಅಪ್‌ಗ್ರೇಡ್ ಸ್ಕ್ರಿಪ್ಟ್‌ಗೆ ಸೇರಿಸಿ, ಕಾಲಂನಲ್ಲಿ ಬ್ಲಾಬ್ ಬಿಟ್ಟು ಬೇರೇನೂ ಬರಬಾರದು ಅಂತ ಚೆಕ್ ಹಾಕಿದೆ.

ಕನ್ನಡ ಹೆಸರುಗಳಿಗೂ ಇದು ಬೇಕಿತ್ತು. 'ಫೋಟೋ' ಅನ್ನುವ ಫೋಲ್ಡರ್ ಹೆಸರಿನ ಓಕಾರ ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಇರಬಹುದು, ಬಿಡಿಸಿದರೆ ಮೂರು ಚಿಹ್ನೆಯಾಗಿಯೂ ಇರಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಲಿನಕ್ಸ್‌ಗೆ ಅವು ಎರಡು ಬೇರೆ ಫೋಲ್ಡರ್‌ಗಳು. ಬ್ಯಾಕಪ್ ಟೂಲ್ ತನ್ನ ಬುದ್ಧಿ ಉಪಯೋಗಿಸಿ ಅವನ್ನು ಒಂದು ಮಾಡಬಾರದು ಅಲ್ವಾ?

ಹಂತ 4: ಉದ್ದದ ಪಾತ್ ಮತ್ತು ಇಂಡೆಕ್ಸ್

ಪಾತ್ ಕಾಲಂ ಮೇಲೆ ಯುನೀಕ್ ಇಂಡೆಕ್ಸ್ ಬೇಕು. 4000 ಬೈಟ್ ಉದ್ದದ ಪಾತ್ ಒಂದನ್ನು ಹಾಕಿ ಪೋಸ್ಟ್‌ಗ್ರೆಸ್‌ನಲ್ಲಿ ಟೆಸ್ಟ್ ಮಾಡಿದೆ, ಪಾಸ್ ಆಯಿತು. ಆಮೇಲೆ ನಿಜವಾದ ಮೆಷಿನ್ ಒಂದರ ಪಾತ್ ಪಟ್ಟಿ ಕೊಟ್ಟಾಗ ಅದಕ್ಕಿಂತ ಚಿಕ್ಕ ಪಾತ್‌ಗೇ ಎರರ್ ಬಂತು. ಇಂಡೆಕ್ಸ್ ಸಾಲಿನ ಗರಿಷ್ಠ ಗಾತ್ರ 2704 ಬೈಟ್, ಅದನ್ನು ಮೀರಿದೆ ಅಂತ.

ಹಾಗಾದರೆ ಮೊದಲ ಟೆಸ್ಟ್ ಹೇಗೆ ಪಾಸ್ ಆಯಿತು? ನನ್ನ ಟೆಸ್ಟ್ ಪಾತ್‌ನಲ್ಲಿ ಒಂದೇ ಅಕ್ಷರ ಮತ್ತೆ ಮತ್ತೆ ಇತ್ತು. ಪೋಸ್ಟ್‌ಗ್ರೆಸ್ ಇಂಡೆಕ್ಸ್‌ನಲ್ಲಿ ಇಡುವ ಉದ್ದದ ಬೆಲೆಗಳನ್ನು (ವ್ಯಾಲ್ಯೂ) ಕುಗ್ಗಿಸಿ ಇಡುತ್ತದೆ, ಒಂದೇ ಅಕ್ಷರದ ಸಾಲು ಕುಗ್ಗಿ ಮಿತಿಯೊಳಗೆ ಕೂತುಬಿಟ್ಟಿತ್ತು. ಉದ್ದದ ಮಿತಿ ಪರೀಕ್ಷೆ ಮಾಡುವವರು ದಯವಿಟ್ಟು ರ‍್ಯಾಂಡಮ್ ಬೈಟ್‌ಗಳಿಂದ ಮಾಡಿ.

ಮೈಎಸ್‌ಕ್ಯೂಎಲ್ ಒಳಗೆ ಡೇಟಾ ಇಡುವ ಎಂಜಿನ್ ಆದ ಇನೋಡಿಬಿಯಲ್ಲೂ ಇಂಡೆಕ್ಸ್ ಕೀಗೆ ಮಿತಿ ಇದೆ, 3072 ಬೈಟ್. ಹಳೆಯ ರೋ ಫಾರ್ಮ್ಯಾಟ್ ಆದರೆ 767. ಮೊದಲ 255 ಬೈಟ್‌ಗಳ ಮೇಲೆ ಮಾತ್ರ ಇಂಡೆಕ್ಸ್ ಹಾಕಬಹುದು, ಆದರೆ ಅದು ಯುನೀಕ್ ಆದರೆ ಶುರು ಒಂದೇ ಇರುವ ಎರಡು ಆಳದ ಫೋಲ್ಡರ್‌ಗಳು ಡಿಕ್ಕಿ ಹೊಡೆಯುತ್ತವೆ.

ಎರಡಕ್ಕೂ ಒಂದೇ ಮದ್ದು ಹಿಡಿಯಿತು. ಪಾತ್‌ನ ಬೈಟ್‌ಗಳಿಗೆ ಶಾ-256 ಹ್ಯಾಶ್ (ಎಷ್ಟೇ ಉದ್ದದ ಬೈಟ್‌ಗಳಿಗೂ ಒಂದೇ ಅಳತೆಯ ಬೆರಳಚ್ಚು) ತೆಗೆದು 32 ಬೈಟ್‌ನ ಬೇರೆ ಕಾಲಂನಲ್ಲಿ ಇಟ್ಟೆ, ಯುನೀಕ್ ಇಂಡೆಕ್ಸ್ ಅದರ ಮೇಲೆ. ಪಾತ್ ಎಷ್ಟೇ ಉದ್ದ ಇರಲಿ, ಇಂಡೆಕ್ಸ್ ಗಾತ್ರ ಬದಲಾಗುವುದಿಲ್ಲ. ಹ್ಯಾಶ್ ತೆಗೆಯುವುದು ಪೈಥಾನ್‌ನಲ್ಲೇ, ಯಾವ ಡೇಟಾಬೇಸ್‌ನ ಫಂಕ್ಷನ್ನೂ ಬೇಡ. ಮೈಎಸ್‌ಕ್ಯೂಎಲ್ 8.0ರ ಡಿಫಾಲ್ಟ್ ಕೊಲೇಷನ್ (ಅಕ್ಷರ ಹೋಲಿಸುವ ನಿಯಮ) ದೊಡ್ಡಕ್ಷರ, ಸಣ್ಣಕ್ಷರ ಎರಡನ್ನೂ ಒಂದೇ ಅಂತ ನೋಡುತ್ತದೆ, ಟೆಕ್ಸ್ಟ್ ಕಾಲಂ ಇಟ್ಟಿದ್ದರೆ ಆ ತೊಂದರೆಯೂ ಬರುತ್ತಿತ್ತು. ಬೈನರಿ ಕಾಲಂನಲ್ಲಿ ಅದೂ ಇಲ್ಲ.

ನಮ್ಮಲ್ಲಿ ಒಂದೇ ಒಂದು ಬದಲಾವಣೆ ಉಳಿಸಿಕೊಳ್ಳಿ ಅಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಎರಡು ಪಾತ್ ಒಂದೇನಾ ಬೇರೆನಾ ಅನ್ನುವುದನ್ನು ಈಗ ನಮ್ಮ ಕೋಡ್ ತೀರ್ಮಾನಿಸುತ್ತದೆ, ಡೇಟಾಬೇಸ್ ಅಲ್ಲ.

ಹಂತ 5: ಎರಡು ಜಾಬ್ ಒಟ್ಟಿಗೆ ಓಡಿದಾಗ

ಹಳೆಯ ಕೋಡ್ ಪಾತ್ ಇದೆಯೇ ಅಂತ ನೋಡಿ, ಇಲ್ಲದಿದ್ದರೆ ಸೇರಿಸುತ್ತಿತ್ತು. ಎಸ್‌ಕ್ಯೂಲೈಟ್‌ನಲ್ಲಿ ಒಬ್ಬರೇ ಬರೆಯುತ್ತಿದ್ದರಿಂದ ಇದರ ಬಿರುಕು ಕಾಣಲಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಎರಡು ಜಾಬ್ ಒಟ್ಟಿಗೆ ಓಡಿಸಿದೆ. ಇಬ್ಬರೂ ನೋಡಿದರು, ಇಬ್ಬರಿಗೂ ಇಲ್ಲ ಅಂತ ಬಂತು, ಇಬ್ಬರೂ ಸೇರಿಸಲು ಹೋದರು, ಒಬ್ಬರಿಗೆ ಡ್ಯೂಪ್ಲಿಕೇಟ್ ಎರರ್. ಪೋಸ್ಟ್‌ಗ್ರೆಸ್‌ನಲ್ಲಿ ಟ್ರಾನ್ಸಾಕ್ಷನ್ (ಪೂರ್ತಿ ಆಗುವ, ಇಲ್ಲವೇ ಏನೂ ಆಗದ ಕಮಾಂಡ್‌ಗಳ ಗುಂಪು) ಒಳಗೆ ಒಂದು ಎರರ್ ಬಂದರೆ ಆ ಟ್ರಾನ್ಸಾಕ್ಷನ್ ಪೂರ್ತಿ ಸತ್ತಂತೆ, ಸೇವ್‌ಪಾಯಿಂಟ್ ಇಲ್ಲದಿದ್ದರೆ ಮುಂದಿನ ಯಾವ ಕಮಾಂಡನ್ನೂ ಅದು ಕೇಳುವುದಿಲ್ಲ. ಎರರ್ ಹಿಡಿದು ಮುಂದುವರಿಯುವ ನಮ್ಮ ಎಸ್‌ಕ್ಯೂಲೈಟ್ ಕಾಲದ ಕೋಡ್ ಅಲ್ಲಿ ನಡೆಯಲಿಲ್ಲ.

ಮೊದಲು 'ಆನ್ ಕಾನ್‌ಫ್ಲಿಕ್ಟ್ ಡೂ ನಥಿಂಗ್' ಜೊತೆಗೆ 'ರಿಟರ್ನಿಂಗ್' ಹಾಕಿ ಐಡಿ ಪಡೆಯಲು ನೋಡಿದೆ. ಸಾಲು ಮೊದಲೇ ಇದ್ದರೆ ಅದು ಏನನ್ನೂ ಹಿಂತಿರುಗಿಸುವುದಿಲ್ಲ. ನಮಗೆ ಬೇಕಿದ್ದದ್ದೇ ಆಗಲೇ ಇರುವ ಸಾಲಿನ ಐಡಿ. ಹಾಗಾಗಿ ಮೊದಲು ಸೇರಿಸಿ, ಆಮೇಲೆ ಹ್ಯಾಶ್ ಕೊಟ್ಟು ಐಡಿ ಓದುವುದು ಅಂತ ಎರಡು ಹೆಜ್ಜೆ ಮಾಡಿದೆ. ಪೋಸ್ಟ್‌ಗ್ರೆಸ್ 9.5 ಮತ್ತು ಎಸ್‌ಕ್ಯೂಲೈಟ್ 3.24ರಿಂದ ಈಚೆಗೆ ಇದೇ ವಾಕ್ಯ ಎರಡರಲ್ಲೂ ನಡೆಯುತ್ತದೆ.

ಮೈಎಸ್‌ಕ್ಯೂಎಲ್‌ನಲ್ಲಿ ಆ ವಾಕ್ಯ ಇಲ್ಲ. 'ಇನ್ಸರ್ಟ್ ಇಗ್ನೋರ್' ಇದೆ, ಆದರೆ ಅದು ಡ್ಯೂಪ್ಲಿಕೇಟ್ ಜೊತೆಗೆ ಬೇರೆ ತಪ್ಪುಗಳನ್ನೂ ಬರೀ ಎಚ್ಚರಿಕೆಗೆ ಇಳಿಸಿಬಿಡುತ್ತದೆ. ಉದ್ದ ಮೀರಿದ ಬೆಲೆಯನ್ನು ಕತ್ತರಿಸಿ ಇಟ್ಟು ಸುಮ್ಮನಿರುತ್ತದೆ. ಬ್ಯಾಕಪ್‌ಗೆ ಅದು ಆಗದ ಮಾತು. 'ಆನ್ ಡ್ಯೂಪ್ಲಿಕೇಟ್ ಕೀ ಅಪ್‌ಡೇಟ್' ಬಳಸಿ, ಹ್ಯಾಶ್ ಕಾಲಂಗೆ ಅದರದೇ ಬೆಲೆಯನ್ನು ಮತ್ತೆ ಕೊಟ್ಟೆ. ಅದಾದ ಮೇಲೂ ಒಂದು ತೊಡಕು. ಒಂದು ಟ್ರಾನ್ಸಾಕ್ಷನ್‌ಗೆ ಇನ್ನೊಂದರ ಬದಲಾವಣೆ ಯಾವಾಗ ಕಾಣಬೇಕು ಅನ್ನುವ ಸೆಟ್ಟಿಂಗ್ ಐಸೊಲೇಷನ್, ಇನೋಡಿಬಿಯಲ್ಲಿ ಅದರ ಡಿಫಾಲ್ಟ್ ರಿಪೀಟಬಲ್ ರೀಡ್. ಟ್ರಾನ್ಸಾಕ್ಷನ್‌ನ ಮೊದಲ ಓದಿನ ಹೊತ್ತಿಗೆ ಇದ್ದ ಚಿತ್ರವನ್ನೇ ಅದು ಕೊನೆವರೆಗೂ ತೋರಿಸುವುದರಿಂದ, ಪಕ್ಕದ ಜಾಬ್ ಆಮೇಲೆ ಸೇರಿಸಿದ ಪಾತ್ ಇನ್ಸರ್ಟ್‌ಗೆ ಅಡ್ಡ ಬಂದರೂ ಓದುವಾಗ ಕಾಣಿಸದೆ ಹೋಗಬಹುದು. ಕನೆಕ್ಷನ್ ತೆರೆಯುವಾಗಲೇ ರೀಡ್ ಕಮಿಟೆಡ್ (ಪ್ರತಿ ಓದಿಗೂ ಆ ಹೊತ್ತಿನ ಚಿತ್ರ) ಅಂತ ಹೇಳಿದ ಮೇಲೆ ಸರಿಹೋಯಿತು. ಪೋಸ್ಟ್‌ಗ್ರೆಸ್‌ನ ಡಿಫಾಲ್ಟ್ ಅದೇ.

ಆಮೇಲೆ ಡೆಡ್‌ಲಾಕ್. ಒಂದು ಜಾಬ್ 'ಅ' ಆಮೇಲೆ 'ಬ' ಸೇರಿಸುತ್ತದೆ, ಇನ್ನೊಂದು 'ಬ' ಆಮೇಲೆ 'ಅ'. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ನಿಲ್ಲುತ್ತಾರೆ. ಸೇರಿಸುವ ಮೊದಲು ಪಾತ್‌ಗಳನ್ನು ಹ್ಯಾಶ್ ಪ್ರಕಾರ ವಿಂಗಡಿಸಿದೆ, ಪಾತ್ ಸೇರಿಸುವುದಕ್ಕೆ ಪ್ರತ್ಯೇಕವಾದ ಚಿಕ್ಕ ಟ್ರಾನ್ಸಾಕ್ಷನ್ ಕೊಟ್ಟೆ. ಪೋಸ್ಟ್‌ಗ್ರೆಸ್‌ನಲ್ಲಿ ನಿಂತೇ ಹೋಯಿತು. ಮೈಎಸ್‌ಕ್ಯೂಎಲ್‌ನಲ್ಲಿ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ, ಡೆಡ್‌ಲಾಕ್‌ನ 1213 ಎರರ್ ಬಂದರೆ ಆ ಚಿಕ್ಕ ಟ್ರಾನ್ಸಾಕ್ಷನ್ ಮತ್ತೆ ಓಡಿಸುವ ಕೋಡ್ ಇಟ್ಟಿದ್ದೇನೆ.

ಇದರ ಜೊತೆಗೇ ಐಡಿಗಳನ್ನೆಲ್ಲ 64 ಬಿಟ್ ಮಾಡಿದೆ. ಸಾಲು ಸೇರದೆ ಇದ್ದರೂ ಐಡಿ ನಂಬರ್ ಕೊಡುವ ಪೋಸ್ಟ್‌ಗ್ರೆಸ್ ಸೀಕ್ವೆನ್ಸ್, ಇನೋಡಿಬಿ ಆಟೋ ಇನ್‌ಕ್ರಿಮೆಂಟ್ ಎರಡೂ ಒಂದು ನಂಬರ್ ಖರ್ಚು ಮಾಡುತ್ತವೆ. 32 ಬಿಟ್‌ನ ಮಿತಿ 2,147,483,647. ಫೈಲ್ ಟೇಬಲ್‌ಗೆ ಅದು ದೂರದ ಮಾತಲ್ಲ.

ಹಂತ 6: ವೇಗ

ಒಂದೊಂದೇ ಸಾಲು ಸೇರಿಸಿದರೆ 10 ಲಕ್ಷ ಫೈಲ್ ಪೋಸ್ಟ್‌ಗ್ರೆಸ್‌ಗೆ ಹೋಗುವಷ್ಟರಲ್ಲಿ ಬ್ಯಾಕಪ್ಪೇ ಮುಗಿದಿರುತ್ತಿತ್ತು. ಈಗ ತಾತ್ಕಾಲಿಕ ಟೇಬಲ್‌ಗೆ 'ಕಾಪಿ' ಕಮಾಂಡ್‌ನಿಂದ ಸುರಿದು, ಅಲ್ಲಿಂದ ಒಂದೇ ಇನ್ಸರ್ಟ್‌ನಲ್ಲಿ ಪಾತ್ ಟೇಬಲ್ ಜೊತೆ ಜಾಯಿನ್ ಮಾಡಿ ಫೈಲ್ ಟೇಬಲ್‌ಗೆ ತರುತ್ತೇನೆ. ನನ್ನ ಮೆಷಿನ್‌ನಲ್ಲಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಎಸ್‌ಕ್ಯೂಲೈಟ್‌ಗೆ ಎಲ್ಲವನ್ನೂ ಒಂದು ಟ್ರಾನ್ಸಾಕ್ಷನ್‌ನಲ್ಲಿ ಹಾಕಿದರೆ ಸಾಕು. ಮೈಎಸ್‌ಕ್ಯೂಎಲ್ 8.0ರಲ್ಲಿ ಲೋಕಲ್ ಫೈಲ್‌ನಿಂದ ಲೋಡ್ ಮಾಡುವುದು ಡಿಫಾಲ್ಟ್ ಆಗಿ ಬಂದ್, ಅದನ್ನು ತೆರೆಯಿರಿ ಅಂತ ಬಳಕೆದಾರರಿಗೆ ಹೇಳಲು ಇಷ್ಟವಿಲ್ಲ. ಅಲ್ಲಿ ಒಂದು ಇನ್ಸರ್ಟ್‌ಗೆ 1000 ಸಾಲು.

ಹಂತ 7: ಎಂಟು ಗಂಟೆಯ ಮೌನ

ದೊಡ್ಡ ಡಿಸ್ಕ್ ಇಮೇಜ್ ಒಂದನ್ನು ಬ್ಯಾಕಪ್ ಮಾಡುವಾಗ ಕ್ಯಾಟಲಾಗ್ ಕಡೆ ಗಂಟೆಗಟ್ಟಲೆ ಏನೂ ನಡೆಯುವುದಿಲ್ಲ. ಮೈಎಸ್‌ಕ್ಯೂಎಲ್‌ನ ವೇಟ್ ಟೈಮ್‌ಔಟ್ 28800 ಸೆಕೆಂಡು, ಅಂದರೆ ಎಂಟು ಗಂಟೆ. ಅಷ್ಟು ಹೊತ್ತು ಸುಮ್ನೆ ಇದ್ದ ಕನೆಕ್ಷನ್ನನ್ನು ಸರ್ವರ್ ಮುಚ್ಚುತ್ತದೆ. ಡೇಟಾ ಪೂರ್ತಿ ಬರೆದಾದ ಮೇಲೆ, ಕೊನೆಯ ಸಾಲು ಸೇರಿಸುವಾಗ ಜಾಬ್ ಫೇಲ್ ಆಗುತ್ತದೆ. ಇದಕ್ಕಿಂತ ಹೊಟ್ಟೆ ಉರಿಸುವ ಫೇಲ್ ಇನ್ನೊಂದಿಲ್ಲ. ಟೆಸ್ಟ್‌ಗೆ ಆ ಮಿತಿಯನ್ನು 10 ಸೆಕೆಂಡಿಗೆ ಇಳಿಸಿ ನೋಡಿದೆ, ಪ್ರತಿ ಸಲವೂ ಹಾಗೇ ಬಿತ್ತು.

ಮಿತಿ ಏರಿಸಿ ಅಂತ ಡಾಕ್ಯುಮೆಂಟ್‌ನಲ್ಲಿ ಬರೆಯುವುದು ಪರಿಹಾರ ಅಲ್ಲ. ಮಧ್ಯದ ಫೈರ್‌ವಾಲ್ ಕೂಡ ಸುಮ್ಮನಿರುವ ಕನೆಕ್ಷನ್ ಕತ್ತರಿಸಬಹುದು, ಪೋಸ್ಟ್‌ಗ್ರೆಸ್ ಬಳಸುವವರಿಗೂ ಆ ಅಪಾಯ ಇದೆ. ಈಗ ಫೈಲ್ ವಿವರಗಳು ಮೊದಲು ಲೋಕಲ್ ಸ್ಪೂಲ್ ಫೈಲ್‌ಗೆ (ತಾತ್ಕಾಲಿಕವಾಗಿ ಕೂಡಿಡುವ ಫೈಲ್) ಹೋಗುತ್ತವೆ. ಡೇಟಾ ಮುಗಿದ ಮೇಲೆ ಹೊಸ ಕನೆಕ್ಷನ್ ತೆರೆದು ಒಟ್ಟಿಗೆ ಸುರಿಯುತ್ತೇವೆ. ಅದೂ ಕೆಟ್ಟರೆ ಸ್ಪೂಲ್ ಫೈಲ್ ಉಳಿದಿರುತ್ತದೆ, ಒಂದು ಕಮಾಂಡ್‌ನಿಂದ ಮತ್ತೆ ಸುರಿಯಬಹುದು.

ಹಂತ 8: ರಿಸ್ಟೋರ್ ಕ್ವೆರಿ

ಪ್ರತಿ ಫೈಲ್‌ನ ಇತ್ತೀಚಿನ ಆವೃತ್ತಿ ಹುಡುಕುವ ಕ್ವೆರಿ ಇದು. ಹಳೆಯದರಲ್ಲಿ ಗ್ರೂಪ್ ಬೈ ಹಾಕಿ, ಜಾಬ್ ಸಮಯದ ಗರಿಷ್ಠ ಬೆಲೆ ತೆಗೆದು, ಪಕ್ಕದಲ್ಲಿ ವಾಲ್ಯೂಮ್ ಮತ್ತು ಆಫ್‌ಸೆಟ್ ಕಾಲಂಗಳನ್ನು ಹಾಗೇ ಬರೆದಿತ್ತು. ಎಸ್‌ಕ್ಯೂಲೈಟ್‌ನಲ್ಲಿ ಇದು ಸರಿ, ಗರಿಷ್ಠ ಬೆಲೆ ಇರುವ ಸಾಲಿನಿಂದಲೇ ಉಳಿದ ಕಾಲಂಗಳನ್ನು ಕೊಡುತ್ತೇನೆ ಅಂತ ಅದು ಮಾತು ಕೊಟ್ಟಿದೆ. ಪೋಸ್ಟ್‌ಗ್ರೆಸ್ ಈ ಕ್ವೆರಿಯನ್ನು ಓಡಿಸುವುದೇ ಇಲ್ಲ. ಮೈಎಸ್‌ಕ್ಯೂಎಲ್ ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ತಿರಸ್ಕರಿಸುತ್ತದೆ, ಆದರೆ 'ಓನ್ಲಿ ಫುಲ್ ಗ್ರೂಪ್ ಬೈ' ಆಫ್ ಮಾಡಿರುವ ಸರ್ವರ್‌ನಲ್ಲಿ ಓಡಿಸಿಬಿಡುತ್ತದೆ. ಗುಂಪಿನ ಯಾವುದೋ ಒಂದು ಸಾಲಿನ ಆಫ್‌ಸೆಟ್ ಬರುತ್ತದೆ. ದಿನಾಂಕ ಹೊಸದು, ಡೇಟಾ ಹಳೆಯದು. ಎರರ್ ಇಲ್ಲ, ಎಚ್ಚರಿಕೆ ಇಲ್ಲ.

ಈ ಸಾಲು ಬರೆಯುವಾಗಲೂ ನನಗೆ ಕಳವಳ ಆಗುತ್ತದೆ. ಹಳೆಯ ಮೈಎಸ್‌ಕ್ಯೂಎಲ್ ಸೆಟ್ಟಿಂಗ್ ಉಳಿಸಿಕೊಂಡಿರುವ ಸರ್ವರ್‌ಗಳು ಎಷ್ಟೋ ಇವೆ.

ಈಗ ನಾಲ್ಕೂ ಕಡೆ ಒಂದೇ ರೂಪ. 'ರೋ ನಂಬರ್' ವಿಂಡೋ ಫಂಕ್ಷನ್, ಪಾತ್ ಮತ್ತು ಹೆಸರಿನ ಪ್ರಕಾರ ಭಾಗ ಮಾಡಿ, ಜಾಬ್ ಸಮಯ ಮತ್ತು ಐಡಿ ಇಳಿಕೆ ಕ್ರಮದಲ್ಲಿ, ಮೊದಲನೆಯದು ಮಾತ್ರ. ಎಸ್‌ಕ್ಯೂಲೈಟ್ 3.25, ಮೈಎಸ್‌ಕ್ಯೂಎಲ್ 8.0, ಮರಿಯಾಡಿಬಿ 10.2 ಇದಕ್ಕಿಂತ ಹಳೆಯವನ್ನು ಕೈಬಿಟ್ಟೆ. ಫೈಲ್ ಅಳಿಸಿದೆ ಅಂತ ಗುರುತು ಹಾಕಿದ ಸಾಲುಗಳನ್ನು ಕೈಬಿಡುವ ಷರತ್ತು ಹೊರಗಿನ ಕ್ವೆರಿಯಲ್ಲೇ ಇರಬೇಕು. ಒಳಗೆ ಹಾಕಿದರೆ ಅಳಿಸಿದ ಫೈಲ್‌ನ ಹಿಂದಿನ ಆವೃತ್ತಿ ಮೊದಲನೆಯದಾಗಿ ಎದ್ದು ಬರುತ್ತದೆ.

ಹಂತ 9: ಸ್ಕೀಮಾ (ಟೇಬಲ್‌ಗಳ ರಚನೆ) ಬದಲಾವಣೆ, ಕ್ಯಾಟಲಾಗ್ ಸ್ಥಳಾಂತರ

ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಲೈಟ್‌ನಲ್ಲಿ ಟೇಬಲ್ ಬದಲಾವಣೆಯನ್ನೂ ಟ್ರಾನ್ಸಾಕ್ಷನ್ ಒಳಗೆ ಮಾಡಿ ಹಿಂದಕ್ಕೆ ಬರಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಆಲ್ಟರ್ ಟೇಬಲ್ ಓಡಿದ ಕೂಡಲೇ ಕಮಿಟ್ ಆಗುತ್ತದೆ. ಅಪ್‌ಗ್ರೇಡ್ ಅರ್ಧದಲ್ಲಿ ನಿಂತರೆ ಅರ್ಧದಲ್ಲೇ ಉಳಿಯುತ್ತದೆ. ಹಾಗಾಗಿ ಪ್ರತಿ ಹೆಜ್ಜೆಗೂ ಬೇರೆ ನಂಬರ್ ಕೊಟ್ಟು, ಇದು ಆಗಲೇ ಆಗಿದೆಯೇ ಅಂತ ಮೊದಲು ನೋಡಿ ಮಾಡುವಂತೆ ಬರೆದೆ.

ಒಂದು ಡೇಟಾಬೇಸ್‌ನಿಂದ ಇನ್ನೊಂದಕ್ಕೆ ಕ್ಯಾಟಲಾಗ್ ಸಾಗಿಸುವ ಕಮಾಂಡ್ ಕೂಡ ಬಂದಿದೆ. ಮೊದಲ ಸಲ ಎಸ್‌ಕ್ಯೂಲೈಟ್‌ನಿಂದ ಪೋಸ್ಟ್‌ಗ್ರೆಸ್‌ಗೆ ಎಲ್ಲ ಸಾಲು ಸರಿಯಾಗಿ ಹೋದವು, ಲೆಕ್ಕ ತಾಳೆಯಾಯಿತು, ಮುಂದಿನ ಜಾಬ್ ಶುರುವಾದ ಕೂಡಲೇ ಡ್ಯೂಪ್ಲಿಕೇಟ್ ಕೀ. ಐಡಿಗಳನ್ನು ನಾವೇ ಕೊಟ್ಟು ಸೇರಿಸಿದರೆ ಪೋಸ್ಟ್‌ಗ್ರೆಸ್ ಸೀಕ್ವೆನ್ಸ್‌ಗೆ ಅದು ಗೊತ್ತಾಗುವುದಿಲ್ಲ, 1ರಿಂದಲೇ ಎಣಿಸಲು ಹೋಗುತ್ತದೆ. ಕೊನೆಯಲ್ಲಿ 'ಸೆಟ್‌ವಾಲ್' ಕೊಟ್ಟು ಗರಿಷ್ಠ ಐಡಿಗೆ ತಂದು ನಿಲ್ಲಿಸಬೇಕು.

ಕ್ಯಾಟಲಾಗ್‌ನ ಬ್ಯಾಕಪ್ ಜಾಬ್ ಕೂಡ ಡೇಟಾಬೇಸ್‌ಗೆ ತಕ್ಕಂತೆ ಬದಲಾಗುತ್ತದೆ. ಪೋಸ್ಟ್‌ಗ್ರೆಸ್‌ಗೆ ಪಿಜಿ ಡಂಪ್, ಮೈಎಸ್‌ಕ್ಯೂಎಲ್‌ಗೆ ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆಯ ಜೊತೆ ಮೈಎಸ್‌ಕ್ಯೂಎಲ್ ಡಂಪ್, ಎಸ್‌ಕ್ಯೂಲೈಟ್‌ಗೆ 'ವ್ಯಾಕ್ಯೂಮ್ ಇಂಟು'. ಓಡುತ್ತಿರುವ ಎಸ್‌ಕ್ಯೂಲೈಟ್ ಫೈಲನ್ನು ಬರೀ ಕಾಪಿ ಹೊಡೆಯಬೇಡಿ. ವಾಲ್ ಫೈಲ್‌ನಲ್ಲಿರುವ ಇತ್ತೀಚಿನ ಬರಹ ಅದರಲ್ಲಿ ಬರದೇ ಇರಬಹುದು.

ಈಗಿನ ಸ್ಥಿತಿ

ಎಸ್‌ಕ್ಯೂಲೈಟ್, ಪೋಸ್ಟ್‌ಗ್ರೆಸ್ ಎರಡಕ್ಕೂ ಪೂರ್ತಿ ಬೆಂಬಲ. ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ ಬಗ್ಗೆ ನನಗೆ ಎರಡು ಮನಸ್ಸು. ಬ್ಯಾಕುಲಾದಿಂದ ಕವಲೊಡೆದ ಬರಿಯೋಸ್ 21ನೇ ಆವೃತ್ತಿಗೆ ಬರುವಷ್ಟರಲ್ಲಿ ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್ ಎರಡನ್ನೂ ಬಿಟ್ಟು ಪೋಸ್ಟ್‌ಗ್ರೆಸ್ ಒಂದನ್ನೇ ಇಟ್ಟುಕೊಂಡಿತು. ಅವರ ತೀರ್ಮಾನ ನನಗೆ ಈಗ ಚೆನ್ನಾಗಿ ಅರ್ಥವಾಗುತ್ತದೆ. ಎಸ್‌ಕ್ಯೂಲೈಟ್ ಮಾತ್ರ ನಾನು ಬಿಡಲಾರೆ. ಒಂದೇ ಲ್ಯಾಪ್‌ಟಾಪ್ ಬ್ಯಾಕಪ್ ಮಾಡುವವರಿಗೆ ಡೇಟಾಬೇಸ್ ಸರ್ವರ್ ಹಾಕಿಕೊಳ್ಳಿ ಅನ್ನುವುದು ಅನ್ಯಾಯ.

ಮರಿಯಾಡಿಬಿ, ಮೈಎಸ್‌ಕ್ಯೂಎಲ್ ಕಡೆ ಬಾಕಿ ಇರುವುದು ಎರಡು. ನಾಲ್ಕು ಜಾಬ್ ಒಟ್ಟಿಗೆ ಓಡಿದಾಗ ಬರುವ ಆ ಡೆಡ್‌ಲಾಕ್‌ಗಳ ಮೂಲ ಹುಡುಕಬೇಕು, ಬರೀ ಮತ್ತೆ ಓಡಿಸಿ ಮುಚ್ಚಿಡುವುದು ನನಗೆ ಸಮಾಧಾನ ಇಲ್ಲ. ಅಪ್‌ಗ್ರೇಡನ್ನು ಪ್ರತಿ ಹೆಜ್ಜೆಯಲ್ಲೂ ಬೇಕಂತಲೇ ನಿಲ್ಲಿಸಿ, ಮತ್ತೆ ಓಡಿಸುವ ಟೆಸ್ಟ್ ಬರೆಯಬೇಕು. ಇವೆರಡೂ ಆಗಿ, ಕಂಟೇನರ್‌ನಲ್ಲಿ ಬ್ಯಾಕಪ್ ಮಾಡಿ, ಫೈಲ್ ಅಳಿಸಿ, ರಿಸ್ಟೋರ್ ಮಾಡಿ, ಬೈಟ್‌ಗೆ ಬೈಟ್ ಹೋಲಿಸುವ ಟೆಸ್ಟ್ ನಾಲ್ಕೂ ಡೇಟಾಬೇಸ್‌ನಲ್ಲಿ ಪಾಸ್ ಆದರೆ ಪ್ರಯೋಗ ಅನ್ನುವ ಗುರುತು ತೆಗೆಯುತ್ತೇನೆ. ಮುಂದಿನ ದೊಡ್ಡ ಆವೃತ್ತಿಯ ಹೊತ್ತಿಗೂ ಆಗದಿದ್ದರೆ ಮೈಎಸ್‌ಕ್ಯೂಎಲ್ ಕೋಡ್ ತೆಗೆದು, ಅಲ್ಲಿಂದ ಪೋಸ್ಟ್‌ಗ್ರೆಸ್‌ಗೆ ಸಾಗಿಸುವ ಕಮಾಂಡ್ ಒಂದನ್ನು ಮಾತ್ರ ಉಳಿಸುತ್ತೇನೆ.